ಓಡಿಹೋದ ಹುಡುಗ, ರೈಲು ಹತ್ತಿದ ತಾಯಿ: ಕುಂದಗೋಳದ ಒಂದು ಮನೆಯ ಕಥೆ

ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೋಗುವ ರೈಲಿನಲ್ಲಿ ಕೂತರೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಕುಂದಗೋಳ ಬರುತ್ತದೆ. ಸುತ್ತ ಎರೆಹೊಲ, ಹತ್ತಿ, ಮೆಣಸಿನಕಾಯಿ. ಈಗ ಅದು ಧಾರವಾಡ ಜಿಲ್ಲೆಯ ತಾಲ್ಲೂಕು ಕೇಂದ್ರ. 1930ರ ದಶಕದಲ್ಲಿ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಸಣ್ಣ ಊರು.

ಆ ಊರಲ್ಲಿ ರಾಮಚಂದ್ರ ಕುಂದಗೋಳಕರ ಎಂಬ ಗಾಯಕರ ಮನೆ ಇತ್ತು. ಜನ ಅವರನ್ನು ಕರೆಯುತ್ತಿದ್ದದ್ದು ಸವಾಯಿ ಗಂಧರ್ವ ಎಂದು. 1930ರ ದಶಕದ ಕೊನೆಯಲ್ಲಿ ಆ ಮನೆಗೆ ಹಾಡು ಕಲಿಯಲು ಬಂದವರಲ್ಲಿ ಇಬ್ಬರ ಕಥೆಯನ್ನು ನಾವು ಇಲ್ಲಿ ಹೇಳುತ್ತಿದ್ದೇವೆ. ಒಬ್ಬ ಮನೆ ಬಿಟ್ಟು ಓಡಿಹೋಗಿ, ಅರ್ಧ ದೇಶ ಸುತ್ತಿ ಬಂದಿದ್ದ ಹುಡುಗ. ಇನ್ನೊಬ್ಬರು ಮನೆ ಬಿಡಲು ಸಾಧ್ಯವೇ ಇಲ್ಲದ, ಮಕ್ಕಳ ತಾಯಿ. ಹುಡುಗನ ಹೆಸರು ಭೀಮಸೇನ ಜೋಶಿ. ತಾಯಿಯ ಹೆಸರು ಗಂಗೂಬಾಯಿ ಹಾನಗಲ್.

ಇಬ್ಬರ ಹೆಸರೂ ನಿಮಗೆ ಗೊತ್ತು. ಬೆಳಿಗ್ಗೆ ಗುಡಿಯ ಮೈಕಿನಲ್ಲಿ ಪುರಂದರದಾಸರ ಪದ ಹಾಡುವ ಆ ಗಟ್ಟಿ ದನಿ ಭೀಮಸೇನರದು. ದೂರದರ್ಶನದಲ್ಲಿ 1988ರಲ್ಲಿ ಶುರುವಾದ 'ಮಿಲೇ ಸುರ್ ಮೇರಾ ತುಮ್ಹಾರಾ' ಹಾಡಿನ ಮೊದಲ ದನಿಯೂ ಅವರದೇ. ಗಂಗೂಬಾಯಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ಸಂಗೀತ ವಿಶ್ವವಿದ್ಯಾಲಯವೇ ಇದೆ.

'ಹಾಡಿನ ಹುಚ್ಚು' ಎಂಬ ಮಾತನ್ನು ನಾವೆಲ್ಲ ಬಳಸುತ್ತೇವೆ. ಹುಚ್ಚಿದ್ದರೆ ವಿದ್ಯೆ ಒಲಿಯುತ್ತದೆ ಎನ್ನುತ್ತೇವೆ. ಅದು ಸುಳ್ಳಲ್ಲ. ಆದರೆ ಆ ಹುಚ್ಚು ಯಾವ ರೂಪದಲ್ಲಿ ಇರುತ್ತದೆ, ಅದನ್ನು ಯಾರು ಸಾಕುತ್ತಾರೆ, ಅದಕ್ಕೆ ಯಾರು ಬೆಲೆ ಕೊಡುತ್ತಾರೆ ಎಂದು ನಾವು ಅಷ್ಟಾಗಿ ಕೇಳುವುದಿಲ್ಲ. ಕುಂದಗೋಳದ ಈ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಇದೆ.

ಮಾಸ್ತರರ ಮಗ

ಭೀಮಸೇನ ಹುಟ್ಟಿದ್ದು 1922ರ ಫೆಬ್ರುವರಿ 4ರಂದು, ರೋಣದಲ್ಲಿ. ರೋಣ ಈಗ ಗದಗ ಜಿಲ್ಲೆ, ಆಗ ಧಾರವಾಡ ಜಿಲ್ಲೆಯಲ್ಲಿತ್ತು. ತಂದೆ ಗುರುರಾಜ ಜೋಶಿ ಶಾಲೆ ಮಾಸ್ತರರು. ದೊಡ್ಡ ಸಂಸಾರ. ಮಕ್ಕಳು ಒಟ್ಟು 16, ಅವರಲ್ಲಿ ಭೀಮಸೇನನೇ ಹಿರಿಯ.

ಹುಡುಗನಿಗೆ ಎಲ್ಲಿ ದನಿ ಕೇಳಿದರೂ ಅಲ್ಲಿಗೇ ಕಾಲು ಹೋಗುತ್ತಿತ್ತು. ಬೀದಿಯಲ್ಲಿ ಭಜನೆ ಮೇಳ ಹೋದರೆ ಅದರ ಹಿಂದೆ ನಡೆದುಬಿಡುತ್ತಿದ್ದ. ದಣಿದು ಎಲ್ಲೋ ಮಲಗಿ ನಿದ್ದೆ ಹೋಗುತ್ತಿದ್ದ. ಹುಡುಕಿ ಹುಡುಕಿ ಬೇಸತ್ತ ತಂದೆ ಕೊನೆಗೆ ಅವನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆಸಿದರಂತೆ. ಸಿಕ್ಕವರು ಓದಿ ಮನೆಗೆ ಮುಟ್ಟಿಸಲಿ ಎಂದು. ಈ ಕಥೆಯನ್ನು ನಗುತ್ತಾ ಹೇಳುತ್ತಾರೆ. ನಾವು ಇದರಲ್ಲಿ ಇನ್ನೊಂದನ್ನೂ ನೋಡಬೇಕು. ಆ ಅಪ್ಪ ಮಗನ ಕಾಲು ಕಟ್ಟಿ ಹಾಕಲಿಲ್ಲ. ಅಂಗಿಯ ಮೇಲೆ ಹೆಸರು ಬರೆಸಿದರು.

ಮೊದಲ ಪಾಠ ಕುರ್ತಕೋಟಿಯ ಚನ್ನಪ್ಪ ಎಂಬ ಗುರುಗಳಿಂದ ಆಯಿತು. ಆದರೆ ಹುಡುಗನ ಮನಸ್ಸನ್ನು ಹಿಡಿದದ್ದು ಒಂದು ಗ್ರಾಮಫೋನ್ ತಟ್ಟೆ. ಅದರಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನ್ ಅವರ ಠುಮ್ರಿ ಇತ್ತು. ಅದನ್ನು ಕೇಳಿದ ಹುಡುಗನಿಗೆ ತಾನೂ ಹಾಗೆ ಹಾಡಬೇಕು ಎನಿಸಿತು. ಅದಕ್ಕೆ ಗುರು ಬೇಕು. ಗುರು ಎಲ್ಲಿದ್ದಾನೆ? ಗೊತ್ತಿಲ್ಲ.

1933ರಲ್ಲಿ, 11ನೇ ವಯಸ್ಸಿನಲ್ಲಿ, ಅವನು ಮನೆ ಬಿಟ್ಟ. ಊಟಕ್ಕೆ ಕೂತಾಗ ಇನ್ನೊಂದು ಚಮಚ ತುಪ್ಪ ಸಿಗಲಿಲ್ಲ ಎಂಬ ಸಿಟ್ಟಿಗೆ ಹೋದ ಎಂದು ಒಂದು ಕಥೆ ಇದೆ. ತುಪ್ಪ ನೆಪ ಇರಬಹುದು. ಹೋಗುವ ಮನಸ್ಸು ಮೊದಲೇ ಆಗಿತ್ತು.

ಮೂರು ವರ್ಷದ ಅಲೆದಾಟ

ವಿಜಾಪುರ, ಪುಣೆ, ಗ್ವಾಲಿಯರ್, ಕೋಲ್ಕತ್ತಾ, ದೆಹಲಿ, ಜಲಂಧರ್. ನಕ್ಷೆ ಇಟ್ಟುಕೊಂಡು ನೋಡಿದರೆ ದೊಡ್ಡವರಿಗೇ ದಣಿವಾಗುವ ದಾರಿ. ಕೈಯಲ್ಲಿ ದುಡ್ಡಿಲ್ಲ. ಹಲವು ಸಲ ಟಿಕೆಟ್ ಇಲ್ಲದೆಯೇ ರೈಲು ಹತ್ತಿದ್ದಾಗಿ, ಹಾಡಿ ತೋರಿಸಿ ಜನರ ಮನಸ್ಸು ಗೆದ್ದದ್ದಾಗಿ ಮುಂದೆ ಅವರೇ ಹೇಳಿಕೊಳ್ಳುತ್ತಿದ್ದರು.

ಗ್ವಾಲಿಯರ್‌ನಲ್ಲಿ ಸರೋದ್ ವಾದಕ ಹಾಫಿಜ್ ಅಲಿ ಖಾನ್ ಅವರ ನೆರವಿನಿಂದ ಅಲ್ಲಿನ ಮಾಧವ ಸಂಗೀತ ಶಾಲೆ ಸೇರಿದ. ಕೋಲ್ಕತ್ತಾದಲ್ಲಿ ಸಿನಿಮಾ ನಟ ಪಹಾಡಿ ಸನ್ಯಾಲ್ ಅವರ ಮನೆಯಲ್ಲಿ ಕೆಲಸಕ್ಕೆ ಇದ್ದ. ಜಲಂಧರ್‌ನಲ್ಲಿ ಮಂಗತರಾಮ್ ಎಂಬ, ಕಣ್ಣು ಕಾಣದ ಧ್ರುಪದ ಗಾಯಕರ ಬಳಿ ಕಲಿತ. ಸಿಕ್ಕಲ್ಲಿ ಸಿಕ್ಕಷ್ಟು ಕಲಿತ. ಯಾವುದೂ ಪೂರ್ತಿ ಆಗಲಿಲ್ಲ.

ಜಲಂಧರ್‌ನಲ್ಲಿ ಹರಿವಲ್ಲಭ ಸಂಗೀತ ಸಮ್ಮೇಳನ ಎಂಬ ಹಳೆಯ ಉತ್ಸವ ನಡೆಯುತ್ತದೆ. ಅಲ್ಲಿಗೆ ಬಂದಿದ್ದ ವಿನಾಯಕರಾವ್ ಪಟವರ್ಧನ್ ಎಂಬ ಹಿರಿಯ ಗಾಯಕರು ಈ ಕನ್ನಡದ ಹುಡುಗನನ್ನು ನೋಡಿ, ನಿಮ್ಮ ಊರ ಹತ್ತಿರವೇ ಸವಾಯಿ ಗಂಧರ್ವರು ಇರುವಾಗ ಇಷ್ಟು ದೂರ ಯಾಕೆ ಬಂದೆ ಎಂದು ಕೇಳಿದರಂತೆ. ಅಷ್ಟರಲ್ಲಿ ತಂದೆಗೂ ಮಗನ ಸುಳಿವು ಸಿಕ್ಕಿತ್ತು. ಮಗ ಊರಿಗೆ ಮರಳಿದ.

ಮೂರು ವರ್ಷ ಹುಡುಕಿದ ಗುರು ಮನೆಯಿಂದ ಒಂದು ದಿನದ ಹಾದಿಯಲ್ಲಿದ್ದರು. ಹಾಗಾದರೆ ಆ ಅಲೆದಾಟ ದಂಡವೇ? ನಮಗೆ ಹಾಗೆ ಅನ್ನಿಸುವುದಿಲ್ಲ. ಬೇರೆ ಬೇರೆ ಊರಿನ ಹಾಡುಗಾರಿಕೆ ಅವನ ಕಿವಿಗೆ ಬಿತ್ತು. ಆದರೆ ಒಂದು ಮಾತು ಸ್ಪಷ್ಟ. ಓಡಿಹೋದ ಹುಚ್ಚಿನಿಂದ ಅವನು ಗಾಯಕನಾಗಲಿಲ್ಲ. ಆ ಹುಚ್ಚು ಅವನನ್ನು ಬಾಗಿಲ ತನಕ ತಂದು ನಿಲ್ಲಿಸಿತು, ಅಷ್ಟೇ. ಗಾಯಕನಾದದ್ದು ಬಾಗಿಲ ಒಳಗೆ.

ಗುರುವಿನ ಹಿಂದೆ ಇನ್ನೊಬ್ಬ ಗುರು

ಬಾಗಿಲ ಒಳಗಿದ್ದವರ ಬಗ್ಗೆ ಸ್ವಲ್ಪ ಹೇಳಬೇಕು. ಸವಾಯಿ ಗಂಧರ್ವರು ಹುಟ್ಟಿದ್ದು 1886ರಲ್ಲಿ, ಕುಂದಗೋಳದಲ್ಲೇ. ಅವರ ತಂದೆ ಊರಿನ ದೊಡ್ಡ ಜಮೀನ್ದಾರರಾದ ನಾಡಗೀರರ ಬಳಿ ಕಾರಕೂನಿಕೆ ಮಾಡುತ್ತಿದ್ದರು. ನಾಡಗೀರರ ವಾಡೆ ಇಂದಿಗೂ ಕುಂದಗೋಳದಲ್ಲಿ ಇದೆ. ಆ ವಾಡೆಗೆ ಬಂದು ಉಳಿಯುತ್ತಿದ್ದ ದೊಡ್ಡ ಅತಿಥಿಗಳಲ್ಲಿ ಒಬ್ಬರು ಅಬ್ದುಲ್ ಕರೀಂ ಖಾನ್. ಹೌದು, ಮುಂದೆ ಭೀಮಸೇನನ ನಿದ್ದೆ ಕೆಡಿಸಿದ ತಟ್ಟೆಯಲ್ಲಿ ಹಾಡಿದ್ದವರೇ.

ಖಾನ್ ಸಾಹೇಬರ ಮೂಲ ಊರು ಉತ್ತರ ಪ್ರದೇಶದ ಕೈರಾನಾ. ಆ ಊರಿನಿಂದಲೇ ಅವರ ಹಾಡುಗಾರಿಕೆಗೆ 'ಕಿರಾಣಾ ಘರಾಣೆ' ಎಂಬ ಹೆಸರು. ನಮ್ಮ ಕಿರಾಣಿ ಅಂಗಡಿಗೂ ಅದಕ್ಕೂ ಸಂಬಂಧವಿಲ್ಲ. ಘರಾಣೆ ಎಂದರೆ ಮನೆತನ, ಒಂದು ಬಗೆಯ ಹಾಡುವ ರೀತಿ. ಒಂದೊಂದೇ ಸ್ವರವನ್ನು ನಿಧಾನವಾಗಿ, ಅದರ ತಿರುಳು ಸಿಗುವ ತನಕ ಹಿಡಿದು ಹಾಡುವುದು ಕಿರಾಣಾದವರ ದಾರಿ.

ಇಷ್ಟು ದೂರದ ಊರಿನ ಹಾಡು ಕನ್ನಡ ನೆಲಕ್ಕೆ ಹೇಗೆ ಬಂತು? ಖಾನ್ ಸಾಹೇಬರು ಮಹಾರಾಷ್ಟ್ರದ ಮಿರಜ್‌ನಲ್ಲಿ ನೆಲೆಸಿದ್ದರು. ಮೈಸೂರು ಅರಮನೆಯಲ್ಲಿ ಹಾಡಲು ಹೋಗುತ್ತಿದ್ದರು. ಮಿರಜ್‌ನಿಂದ ಮೈಸೂರಿಗೆ ಹೋಗುವ ರೈಲು ದಾರಿಯಲ್ಲೇ ಧಾರವಾಡ, ಹುಬ್ಬಳ್ಳಿ, ಕುಂದಗೋಳ ಬರುತ್ತವೆ. ಹೋಗುವಾಗ ಬರುವಾಗ ಇಳಿಯುತ್ತಿದ್ದರು, ಹಾಡುತ್ತಿದ್ದರು, ಕಲಿಸುತ್ತಿದ್ದರು. ಧಾರವಾಡ ಸೀಮೆ ಹಿಂದೂಸ್ತಾನಿ ಸಂಗೀತದ ತವರಾಗಲು ಇಲ್ಲಿನ ಮಣ್ಣು, ನೀರು ಕಾರಣ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ರೈಲು ಹಳಿಯೂ ಒಂದು ಕಾರಣ ಎಂಬುದನ್ನು ಮರೆಯಬಾರದು.

ಹುಡುಗ ರಾಮಚಂದ್ರನನ್ನು ಶಿಷ್ಯನಾಗಿ ಒಪ್ಪಿಕೊಳ್ಳುವಾಗ ಖಾನ್ ಸಾಹೇಬರು ಒಂದು ಷರತ್ತು ಹಾಕಿದರು: 8 ವರ್ಷ ನನ್ನ ಬಳಿಯೇ ಇರಬೇಕು. ನೆನಪಿಡಿ, 8 ದಿನದ ಶಿಬಿರ ಅಲ್ಲ, 8 ವರ್ಷ. ಅದಾದ ಮೇಲೆ ರಾಮಚಂದ್ರ ಮರಾಠಿ ನಾಟಕ ಕಂಪನಿಗಳನ್ನು ಸೇರಿ, ಸ್ತ್ರೀ ಪಾತ್ರಗಳಲ್ಲಿ ಹಾಡಿ ಹೆಸರು ಮಾಡಿದರು. ಸವಾಯಿ ಗಂಧರ್ವ ಎಂಬ ಬಿರುದು ಬಂದದ್ದು ಆ ಕಾಲದಲ್ಲೇ. ನಾಟಕದ ದಿನಗಳು ಮುಗಿದ ಮೇಲೆ ಊರಿಗೆ ಬಂದು ನಿಂತರು. ಕೈಯಲ್ಲಿ ವಿದ್ಯೆ ಇತ್ತು. ಕಲಿಯುವವರು ಹುಡುಕಿಕೊಂಡು ಬರತೊಡಗಿದರು.

ನೀರಿನ ಕೊಡ

ಭೀಮಸೇನನನ್ನು ಅವರು ಶಿಷ್ಯನಾಗಿ ಒಪ್ಪಿದ್ದು 1936ರಲ್ಲಿ. ಗುರುವಿನ ಮನೆಯಲ್ಲೇ ಇದ್ದು ಕಲಿಯುವ ಪದ್ಧತಿ. ಕೇಳಲು ಚೆಂದ. ಆದರೆ ಮೊದಲು ಸಿಕ್ಕಿದ್ದು ತಂಬೂರಿ ಅಲ್ಲ, ನೀರಿನ ಕೊಡ. ದೂರದಿಂದ ನೀರು ಹೊರುವುದು, ಮನೆಗೆಲಸ ಮಾಡುವುದು. ಸುಮಾರು ಒಂದೂವರೆ ವರ್ಷ ಗುರುಗಳು ಪಾಠ ಶುರು ಮಾಡಲೇ ಇಲ್ಲ ಎನ್ನುತ್ತಾರೆ. ಹುಡುಗ ಬೇರೆಯವರಿಗೆ ನಡೆಯುವ ಪಾಠವನ್ನು ಕೇಳಿಸಿಕೊಳ್ಳುತ್ತಾ ಕಾದ.

ಇದನ್ನು ನಾವು ಹೊಗಳಲು ಹೇಳುತ್ತಿಲ್ಲ. ಇಂದು ಯಾರಾದರೂ 14 ವರ್ಷದ ಹುಡುಗನನ್ನು ಕಲಿಸುವ ಹೆಸರಿನಲ್ಲಿ ಹಾಗೆ ದುಡಿಸಿದರೆ ಅದು ತಪ್ಪು, ಕೇಳಬೇಕು. ಆ ಕಾಲದಲ್ಲಿ ಅದನ್ನು ಶಿಷ್ಯನ ತಾಳ್ಮೆ ನೋಡುವ ದಾರಿ ಎಂದು ತಿಳಿಯುತ್ತಿದ್ದರು. ಎಷ್ಟೋ ಹುಡುಗರು ಆ ಕೊಡ ಇಳಿಸಿ ಮನೆಗೆ ಹೋಗಿರಬಹುದು. ಅವರ ಹೆಸರು ನಮಗೆ ಸಿಗುವುದಿಲ್ಲ. ಅವರಲ್ಲಿ ವಿದ್ಯೆಯ ಆಸೆ ಇರಲಿಲ್ಲ ಎಂದು ಹೇಳುವ ಹಕ್ಕೂ ನಮಗಿಲ್ಲ.

ಪಾಠ ಶುರುವಾದ ಮೇಲೆ ಏನಾಯಿತು? ಹೊಸ ಹೊಸ ರಾಗಗಳ ಸುರಿಮಳೆ ಏನೂ ಆಗಲಿಲ್ಲ. ತೋಡಿ, ಮುಲ್ತಾನಿ, ಪೂರಿಯಾ ಎಂಬ ರಾಗಗಳನ್ನೇ ಮತ್ತೆ ಮತ್ತೆ ತಿದ್ದಿದರು. ತೋಡಿ ಬೆಳಗಿನ ರಾಗ. ಮುಲ್ತಾನಿ ಮಧ್ಯಾಹ್ನ ಇಳಿಯುವ ಹೊತ್ತಿನದು. ಪೂರಿಯಾ ಸಂಜೆಯದು. ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಅದೇ ಮೂರು. ಇಂದು, ನಾಳೆ, ಮುಂದಿನ ತಿಂಗಳು, ಮುಂದಿನ ವರ್ಷ.

ಹೊಲದಲ್ಲಿ ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಹೊಲವನ್ನು ಹರಗಿ, ಮತ್ತೆ ಹರಗಿ, ಹೆಂಟೆ ಒಡೆದು ಹದ ಮಾಡುವುದು ನಿಮಗೆ ಗೊತ್ತು. ಒಂದು ಹೊಲ ಹದಕ್ಕೆ ತಂದವನ ಕೈಗೆ ಬೇರೆ ಹೊಲವೂ ಮಣಿಯುತ್ತದೆ. ಮೂರು ರಾಗದಲ್ಲಿ ದನಿ ಹದಕ್ಕೆ ಬಂದರೆ ಉಳಿದ ರಾಗಗಳಿಗೆ ದಾರಿ ಸಿಗುತ್ತದೆ ಎಂಬುದು ಗುರುವಿನ ಲೆಕ್ಕ.

1940ರ ತನಕ ಈ ಪಾಠ ನಡೆಯಿತು. 1941ರಲ್ಲಿ, 19ನೇ ವಯಸ್ಸಿನಲ್ಲಿ, ಭೀಮಸೇನ ಮೊದಲ ಕಛೇರಿ ಕೊಟ್ಟರು. ಓಡಿಹೋದದ್ದು ಒಂದು ದಿನದ ಕೆಲಸ. ಕಲಿತದ್ದು ಸಾವಿರಾರು ದಿನದ ಕೆಲಸ. ನಾವು ಒಂದು ದಿನದ ಕಥೆಯನ್ನು ಹೇಳುತ್ತೇವೆ, ಸಾವಿರ ದಿನದ ಕಥೆಯನ್ನು ಬಿಡುತ್ತೇವೆ. ಯಾಕೆಂದರೆ ಸಾವಿರ ದಿನದಲ್ಲಿ ಹೇಳುವಂಥದ್ದು ಏನೂ ನಡೆಯುವುದಿಲ್ಲ. ಮುಂಜಾನೆ ಎದ್ದು ಅದೇ ಸ್ವರ ಹಿಡಿಯುವುದು, ಅಷ್ಟೇ.

ಶುಕ್ರವಾರಪೇಟೆಯ ಹುಡುಗಿ

ಈಗ ಇನ್ನೊಬ್ಬರ ಕಡೆಗೆ ಬರೋಣ. ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5ರಂದು. ಬೆಳೆದದ್ದು ಧಾರವಾಡದ ಶುಕ್ರವಾರಪೇಟೆಯಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಹಾಡುವ ಹೆಂಗಸರ ಮನೆತನ. ಆ ಕಾಲದ ಸಮಾಜ ಅಂಥ ಮನೆತನವನ್ನು ಕೀಳಾಗಿ ಕಾಣುತ್ತಿತ್ತು. ರಾತ್ರಿ ಅವರ ಹಾಡು ಕೇಳಲು ಬರುವವರೇ ಹಗಲು ಅವರನ್ನು ದೂರ ಇಡುತ್ತಿದ್ದರು.

ಹುಡುಗಿ ಹಾಡು ಕಲಿಯಲು ಬೀದಿಯಲ್ಲಿ ಹೋಗುವಾಗ ಜನ 'ಗಾಣೇವಾಲಿ' ಎಂದು ಕೂಗಿ ಹಂಗಿಸುತ್ತಿದ್ದರು. ಪಕ್ಕದ ಮನೆಯವರ ತೋಟದ ಮಾವಿನಕಾಯಿ ಕಿತ್ತಾಗ, ಕದ್ದದ್ದಕ್ಕಿಂತ ಹೆಚ್ಚಾಗಿ ಇಂಥ ಮನೆಯ ಮಗಳು ತೋಟಕ್ಕೆ ಕಾಲಿಟ್ಟಳು ಎಂದು ಬೈಸಿಕೊಂಡದ್ದನ್ನು ಅವರು ಮುಪ್ಪಿನಲ್ಲೂ ನೆನೆಯುತ್ತಿದ್ದರು. 1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅಧ್ಯಕ್ಷರು ಗಾಂಧೀಜಿ. ಸ್ವಾಗತ ಗೀತೆ ಹಾಡಲು 11 ವರ್ಷದ ಗಂಗೂಬಾಯಿಯೂ ಹೋಗಿದ್ದರು. ಹಾಡುವ ಭಯ ಅವರಿಗಿರಲಿಲ್ಲ. ಊಟಕ್ಕೆ ಕೂತಾಗ ಜಾತಿ ಹೇಳಿ ಬೇರೆ ಕೂರಿಸುತ್ತಾರೋ ಏನೋ ಎಂಬ ಭಯ ಇತ್ತು.

ಗಮನಿಸಿ, ಇಬ್ಬರಿಗೂ ಅದೇ 11 ವರ್ಷ. ಮಾಸ್ತರರ ಮಗ ಆ ವಯಸ್ಸಿನಲ್ಲಿ ರೈಲು ಹತ್ತಿ ಹೋದ. ಹುಡುಗಿ ಆ ವಯಸ್ಸಿನಲ್ಲಿ, ಊಟದ ಪಂಕ್ತಿಯಲ್ಲಿ ತನಗೆ ಜಾಗ ಇದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದಳು.

ಅಂಬಾಬಾಯಿಯ ಮೌನ

ಮಗಳಿಗೆ ಹಿಂದೂಸ್ತಾನಿ ಸಂಗೀತದ ಒಲವು ಇದೆ ಎಂದು ತಾಯಿ ಕಂಡುಕೊಂಡರು. ತಾವು ಹಾಡುವುದು ಕರ್ನಾಟಕ ಸಂಗೀತ. ಒಂದೇ ಮನೆಯಲ್ಲಿ ಎರಡು ಪದ್ಧತಿ ಕೇಳಿದರೆ ಎಳೆಯ ಕಿವಿಯಲ್ಲಿ ಎರಡೂ ಬೆರೆತುಹೋಗುತ್ತವೆ ಎಂದು ಅಂಬಾಬಾಯಿ ಹೆದರಿದರು. ಅದಕ್ಕೆ ಅವರು ಮಾಡಿದ್ದೇನು ಗೊತ್ತೇ? ತಾವು ಹಾಡುವುದನ್ನೇ ನಿಲ್ಲಿಸಿಬಿಟ್ಟರು.

ಅಂಬಾಬಾಯಿಯವರು ಸಾಮಾನ್ಯ ಗಾಯಕಿ ಏನಲ್ಲ. ಅಬ್ದುಲ್ ಕರೀಂ ಖಾನ್ ಅವರಂಥವರು ಧಾರವಾಡಕ್ಕೆ ಬಂದಾಗ ಅವರ ಹಾಡು ಕೇಳಲು ಮನೆಗೆ ಬರುತ್ತಿದ್ದರು. ಅಂಥ ದನಿ ಮಗಳಿಗಾಗಿ ಸುಮ್ಮನಾಯಿತು. 1928ರಲ್ಲಿ, ಮಗಳ ಕಲಿಕೆಗೆ ಅನುಕೂಲವಾಗಲಿ ಎಂದು, ಮನೆಯನ್ನೂ ಹುಬ್ಬಳ್ಳಿಗೆ ಬದಲಿಸಿದರು. 1932ರಲ್ಲಿ ತೀರಿಕೊಂಡರು. ಮಗಳು ದೊಡ್ಡ ಗಾಯಕಿಯಾದದ್ದನ್ನು ಅವರು ನೋಡಲಿಲ್ಲ.

ಹುಚ್ಚು, ಒಲವು, ಆಸಕ್ತಿ ಎಂದು ನಾವು ಮಾತಾಡುವಾಗ ಹಾಡಿದವರ ಹೆಸರಷ್ಟೇ ಬರುತ್ತದೆ. ಹಾಡು ನಿಲ್ಲಿಸಿದ ಅಂಬಾಬಾಯಿಯವರಿಗೂ ಹಾಡಿನ ಮೇಲೆ ಪ್ರೀತಿ ಇತ್ತು. ಅವರ ಮೌನವೂ ಗಂಗೂಬಾಯಿಯವರ ಕಲಿಕೆಯ ಒಂದು ಭಾಗ.

ಸಂಜೆಯ ರೈಲು

ಗಂಗೂಬಾಯಿಯವರು ಮೊದಲು ಹುಬ್ಬಳ್ಳಿಯ ಕೃಷ್ಣಾಚಾರ್ಯ, ಆಮೇಲೆ ದತ್ತೋಪಂತ ದೇಸಾಯಿ ಅವರ ಬಳಿ ಕಲಿತರು. 16ನೇ ವಯಸ್ಸಿಗೆ ವಕೀಲ ಗುರುರಾವ್ ಕೌಲಗಿ ಅವರೊಂದಿಗೆ ಸಂಸಾರ ಶುರುವಾಯಿತು. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಮನೆಯ ಖರ್ಚಿನ ಭಾರ ಬಹುಮಟ್ಟಿಗೆ ಅವರ ಹಾಡಿನ ಮೇಲೆಯೇ ಬಿತ್ತು.

ಸವಾಯಿ ಗಂಧರ್ವರ ಪಾಠ ಮೊದಲು ಬಿಟ್ಟು ಬಿಟ್ಟು ಸಿಗುತ್ತಿತ್ತು. ಅವರು ನಾಟಕದ ತಿರುಗಾಟ ಬಿಟ್ಟು ಊರಿಗೆ ಬಂದು ನಿಂತ ಮೇಲೆ, 1930ರ ದಶಕದ ಕೊನೆಯಲ್ಲಿ, ಸುಮಾರು ಮೂರು ವರ್ಷ ಒಂದೇ ಸಮನೆ ಕಲಿಯುವ ಅವಕಾಶ ಬಂತು. ಗಂಗೂಬಾಯಿ ಗುರುವಿನ ಮನೆಯಲ್ಲಿ ಇರುವಂತಿರಲಿಲ್ಲ. ಹುಬ್ಬಳ್ಳಿಯಲ್ಲಿ ಮಕ್ಕಳು, ಒಲೆ, ಸಂಸಾರ. ಹಾಗಾಗಿ ರೈಲು ಹತ್ತಿ ಕುಂದಗೋಳಕ್ಕೆ ಹೋಗುವುದು, ಪಾಠ ಮುಗಿಸಿ ಮತ್ತೆ ರೈಲು ಹತ್ತಿ ಮನೆಗೆ ಬರುವುದು. ಕತ್ತಲಾದ ಮೇಲೆ ಅವರನ್ನು ಸ್ಟೇಷನ್ ತನಕ ಬಿಟ್ಟು ಬರುತ್ತಿದ್ದವನು ಆಗ ಗುರುವಿನ ಮನೆಯಲ್ಲಿದ್ದ ಹುಡುಗ ಭೀಮಸೇನ ಎಂದು ಹೇಳುತ್ತಾರೆ. ಆಗ ಅವನಿಗೆ ಹದಿನೈದು ಹದಿನಾರು. ಅವರಿಗೆ ಇಪ್ಪತ್ತನಾಲ್ಕು ಇಪ್ಪತ್ತೈದು.

ಪಾಠದ ರೀತಿ ಅದೇ. ಒಂದು ಸಣ್ಣ ತುಣುಕು ಹೇಳಿಕೊಟ್ಟರೆ ಅದು ಕೂರುವ ತನಕ ಮುಂದಿನದು ಇಲ್ಲ. ಜಿಪುಣ ಒಂದೊಂದು ಕಾಸನ್ನೂ ಎಣಿಸಿ ಎಣಿಸಿ ಖರ್ಚು ಮಾಡುವಂತೆ ಸ್ವರಗಳನ್ನು ಬಳಸಬೇಕು ಎಂದು ಗುರುಗಳು ಹೇಳುತ್ತಿದ್ದರೆಂದು ಗಂಗೂಬಾಯಿ ನೆನೆಯುತ್ತಿದ್ದರು. ಕಷ್ಟದ ಸಂಸಾರ ನಡೆಸುತ್ತಿದ್ದ ಅವರಿಗೆ ಕಾಸು ಎಣಿಸುವ ಹೋಲಿಕೆ ಬೇಗ ಅರ್ಥವಾಗಿರಬೇಕು.

ಓಡಿಹೋಗುವುದಕ್ಕೆ ಧೈರ್ಯ ಬೇಕು, ನಿಜ. ಸಂಜೆ ರೈಲು ಹತ್ತಿ ರಾತ್ರಿ ಮನೆಗೆ ಬಂದು, ಮುಂಜಾನೆ ಎದ್ದು ಮಕ್ಕಳಿಗೆ ಉಣ್ಣಲಿಕ್ಕಿ, ನಡುವೆ ಸಿಕ್ಕ ಹೊತ್ತಲ್ಲಿ ಅಭ್ಯಾಸ ಮಾಡಿ, ಮತ್ತೆ ಅದೇ ರೈಲು ಹತ್ತುವುದಕ್ಕೆ ಎಂಥ ಮನಸ್ಸು ಬೇಕು? ಅದಕ್ಕೆ ನಮ್ಮಲ್ಲಿ ಹೆಸರೇ ಇಲ್ಲ. ಹುಚ್ಚು ಎಂದರೆ ಸಾಲದು. ಹುಚ್ಚು ಒಮ್ಮೊಮ್ಮೆ ಇಳಿಯುತ್ತದೆ. ರೈಲಿನ ಟೈಮು ಇಳಿಯುವುದಿಲ್ಲ.

ದನಿಯೇ ಬದಲಾದಾಗ

ಗಂಗೂಬಾಯಿಯವರ ಮೊದಲ ಗ್ರಾಮಫೋನ್ ತಟ್ಟೆಗಳು 1930ರ ದಶಕದವು. 'ಗಾಂಧಾರಿ ಹಾನಗಲ್' ಎಂಬ ಹೆಸರಿನಲ್ಲಿ ಬಂದವು. ಅದರಲ್ಲಿ ಕೇಳುವುದು ಸಣ್ಣ, ಎತ್ತರದ ಹೆಣ್ಣುದನಿ. ನಾವು ಈಗ ಯೂಟ್ಯೂಬಿನಲ್ಲಿ ಕೇಳುವ ಅವರ ದನಿ ಬೇರೆಯೇ. ಗಂಟಲ ತೊಂದರೆಯಾಗಿ ಚಿಕಿತ್ಸೆ ಮಾಡಿಸಿಕೊಂಡ ಮೇಲೆ ದನಿ ದಪ್ಪವಾಯಿತು, ಗಂಡುದನಿಯಂತೆ ಕೆಳಗೆ ಇಳಿಯಿತು.

ಹಾಡಿ ಬದುಕುವವರಿಗೆ ದನಿ ಹೋಗುವುದೆಂದರೆ ಒಕ್ಕಲಿಗನಿಗೆ ಹೊಲ ಹೋದಂತೆ. ಅವರು ಹಳೆಯ ದನಿಗೆ ಅಳುತ್ತಾ ಕೂರಲಿಲ್ಲ. ಬಂದ ದನಿಯಲ್ಲೇ ಹಾಡುವುದನ್ನು ಕಂಡುಕೊಂಡರು. ಆ ದಪ್ಪ, ನೇರ, ಅಲುಗದ ದನಿಯೇ ಅವರ ಗುರುತಾಯಿತು. ಕಣ್ಣುಮುಚ್ಚಿ ಕೇಳಿದವರು ಗಂಡಸು ಹಾಡುತ್ತಿದ್ದಾನೆ ಎಂದುಕೊಂಡು, ಕಣ್ಣುಬಿಟ್ಟರೆ ಮೂಗುತಿ ಇಟ್ಟ ಸಣ್ಣ ಆಕಾರದ ಹೆಂಗಸನ್ನು ಕಂಡು ಬೆರಗಾಗುತ್ತಿದ್ದರು.

ಇಲ್ಲಿ ಕಲೆಯ ಒಲವಿನ ಇನ್ನೊಂದು ಮುಖ ಕಾಣುತ್ತದೆ. ತನ್ನ ದನಿಯನ್ನಷ್ಟೇ ಪ್ರೀತಿಸುವವರು ದನಿ ಕೆಟ್ಟ ದಿನ ನಿಲ್ಲಿಸುತ್ತಾರೆ. ಹಾಡನ್ನು ಪ್ರೀತಿಸುವವರು ಇರುವ ದನಿಯಲ್ಲಿ ಮುಂದುವರಿಯುತ್ತಾರೆ. ಅವರಿಗೆ ನೆರವಾದದ್ದು ಕುಂದಗೋಳದಲ್ಲಿ ಕಲಿತ ಸ್ವರದ ಲೆಕ್ಕ. ಒಳ್ಳೆಯ ಅಡಿಪಾಯ ಇದ್ದ ಮನೆಗೆ ಗೋಡೆ ಬಿದ್ದರೂ ಮತ್ತೆ ಕಟ್ಟಬಹುದು.

ಪಂಡಿತ ಮತ್ತು ಬಾಯಿ

ಮುಂದಿನದು ನಿಮಗೆ ಗೊತ್ತಿರುವ ಇತಿಹಾಸ. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಅವರ ನೆನಪಿಗೆ 1953ರಿಂದ ಪುಣೆಯಲ್ಲಿ ಸಂಗೀತ ಉತ್ಸವ ನಡೆಯುತ್ತಿದೆ. ಅದನ್ನು ದೇಶದ ದೊಡ್ಡ ಉತ್ಸವವಾಗಿ ಬೆಳೆಸಿದವರು ಭೀಮಸೇನರು. ಕುಂದಗೋಳದ ನಾಡಗೀರರ ವಾಡೆಯಲ್ಲೂ ಗುರುಗಳ ನೆನಪಿನ ಅಹೋರಾತ್ರಿ ಸಂಗೀತ ನಡೆದುಬಂದಿದೆ. ಗಂಗೂಬಾಯಿಯವರಿಗೆ 2002ರಲ್ಲಿ ಪದ್ಮವಿಭೂಷಣ ಬಂತು. ಭೀಮಸೇನರಿಗೆ 2008ರಲ್ಲಿ ಭಾರತರತ್ನ. ಗಂಗೂಬಾಯಿ 2009ರಲ್ಲಿ, ಭೀಮಸೇನರು 2011ರಲ್ಲಿ ತೀರಿಕೊಂಡರು.

ಗಂಗೂಬಾಯಿಯವರು ಒಂದು ಮಾತು ಹೇಳುತ್ತಿದ್ದರು. ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದ್ ಆಗುತ್ತಾನೆ, ಹಿಂದೂ ಆದರೆ ಪಂಡಿತ ಆಗುತ್ತಾನೆ, ಹೆಂಗಸು ಎಷ್ಟೇ ದೊಡ್ಡ ಗಾಯಕಿಯಾದರೂ ಬಾಯಿಯಾಗಿಯೇ ಉಳಿಯುತ್ತಾಳೆ ಎಂದು. ಅದು ಸಿಟ್ಟಿನ ಮಾತಲ್ಲ, ಲೆಕ್ಕದ ಮಾತು. ಒಂದೇ ಮನೆಯಲ್ಲಿ ಅದೇ ಗುರುವಿನಿಂದ ಕಲಿತ ಇಬ್ಬರಲ್ಲಿ ಒಬ್ಬರು ಪಂಡಿತರು, ಇನ್ನೊಬ್ಬರು ಬಾಯಿ.

ಅವರ ಮಗಳು ಕೃಷ್ಣಾ ಹಾನಗಲ್ ಕೂಡ ಒಳ್ಳೆಯ ಗಾಯಕಿ. ಜೀವಮಾನದ ಬಹುಭಾಗ ತಾಯಿಯ ಹಿಂದೆ ಕೂತು ದನಿಗೂಡಿಸಿದರು. ತಾಯಿಗಿಂತ ಮೊದಲೇ, 2004ರಲ್ಲಿ, ತೀರಿಕೊಂಡರು. ಅಂಬಾಬಾಯಿ ಮುಂದಿನವಳಿಗಾಗಿ ಹಾಡು ನಿಲ್ಲಿಸಿದರು. ಕೃಷ್ಣಾ ಹಿಂದಿನವರಿಗಾಗಿ ಹಿಂದೆ ಕೂತು ಹಾಡಿದರು. ನಡುವೆ ಗಂಗೂಬಾಯಿಯವರ ಹೆಸರು ಹೊಳೆಯಿತು.

ನಮ್ಮ ಊರುಗಳಲ್ಲಿ

ನಾವು ಜಿಲ್ಲೆಯ ಸುದ್ದಿಗೆ ಓಡಾಡುವವರು. ಪ್ರತಿಭಾ ಕಾರಂಜಿಯ ವೇದಿಕೆಯಲ್ಲಿ ಹಾಡಿ ಬಹುಮಾನ ತೆಗೆದುಕೊಳ್ಳುವ ಮಕ್ಕಳ ಫೋಟೋ ಪ್ರತಿ ವರ್ಷ ತೆಗೆಯುತ್ತೇವೆ. ಭಾವಗೀತೆ, ಜಾನಪದ, ಕೋಲಾಟ, ಏಕಪಾತ್ರಾಭಿನಯ. ಆ ಮಕ್ಕಳ ಕಣ್ಣಲ್ಲಿ ಹುಚ್ಚು ಇಲ್ಲ ಎಂದು ಹೇಳಲು ನಮ್ಮಿಂದ ಆಗುವುದಿಲ್ಲ. ಇದೆ, ಬೇಕಾದಷ್ಟಿದೆ. ನಾಲ್ಕು ವರ್ಷ ಬಿಟ್ಟು ಅದೇ ಊರಿಗೆ ಹೋದರೆ ಹಾಡುತ್ತಿದ್ದ ಹುಡುಗ ಬೆಂಗಳೂರಲ್ಲಿ ಕೆಲಸಕ್ಕೆ ಇರುತ್ತಾನೆ. ಹುಡುಗಿಗೆ ಮದುವೆಯಾಗಿರುತ್ತದೆ. ಹಾಡು ಏನಾಯಿತು ಎಂದರೆ ಮನೆಯವರು ನಗುತ್ತಾರೆ.

ಮೊಬೈಲಿನಲ್ಲಿ ರೀಲ್ಸ್ ಮಾಡಿ ಒಂದೇ ವಾರದಲ್ಲಿ ಸಾವಿರಾರು ಜನರನ್ನು ತಲುಪುವ ಮಕ್ಕಳೂ ಇದ್ದಾರೆ. ಅದನ್ನು ನಾವು ಹೀಗಳೆಯುವುದಿಲ್ಲ. ಭೀಮಸೇನನಿಗೆ ಗ್ರಾಮಫೋನ್ ತಟ್ಟೆ ಮಾಡಿದ ಕೆಲಸವನ್ನು ಇಂದು ಮೊಬೈಲ್ ಮಾಡುತ್ತಿದೆ, ಆಸೆ ಹುಟ್ಟಿಸುತ್ತಿದೆ. ಆದರೆ ತಟ್ಟೆ ಕೇಳಿದ ಮೇಲೆ ಅವನಿಗೆ ಸಾವಿರ ದಿನ ಸಿಕ್ಕವು. ಹುಡುಕಿ ಬರುವ ಅಪ್ಪ ಇದ್ದ. ಕಲಿಸುವ ಗುರು ಇದ್ದರು. ಗಂಗೂಬಾಯಿಯವರಿಗೆ ತಮ್ಮ ದನಿಯನ್ನೇ ಬಿಟ್ಟುಕೊಟ್ಟ ತಾಯಿ ಇದ್ದರು, ಸಂಜೆಗೊಂದು ರೈಲು ಇತ್ತು.

ಆದ್ದರಿಂದ, ಮಗುವಿಗೆ ಆಸಕ್ತಿ ಇದೆಯೇ ಎಂದು ಕೇಳಿ ಅಲ್ಲಿಗೇ ನಿಲ್ಲಿಸಬೇಡಿ. ವಾರಕ್ಕೆ ಎರಡು ದಿನ ತಾಲ್ಲೂಕಿಗೆ ಹೋಗಿ ಕಲಿಯಲು ಬಸ್ ಇದೆಯೇ? ಹೋಗಿ ಬರುವ ಹುಡುಗಿಯ ಜೊತೆ ಸ್ಟಾಪಿನ ತನಕ ಯಾರು ನಡೆಯುತ್ತಾರೆ? ಅವಳು ಕಲಿತು ಬರುವ ಹೊತ್ತಿಗೆ ಮನೆಯ ಕೆಲಸ ಯಾರು ನೋಡಿಕೊಳ್ಳುತ್ತಾರೆ? ಊರಲ್ಲಿ ಸೋಬಾನೆ, ಗೀಗೀ, ಭಜನೆ ಪದ ಬಲ್ಲ ಹಿರಿಯರ ಬಳಿ ಮಗು ದಿನಾ ಅರ್ಧ ತಾಸು ಕೂರಲು ಆಗುತ್ತದೆಯೇ? ಇವೆಲ್ಲ ಸಣ್ಣ ಪ್ರಶ್ನೆಗಳು. ಕುಂದಗೋಳದ ಆ ಇಬ್ಬರನ್ನು ಗಾಯಕರನ್ನಾಗಿ ಮಾಡಿದ್ದು ಇಂಥ ಸಣ್ಣ ಸಂಗತಿಗಳೇ.

ಕೊನೆಯದಾಗಿ ಒಂದು ಕೋರಿಕೆ. ಮದುವೆಯಾದ ಮೇಲೆ, ಇಲ್ಲವೇ ಮಕ್ಕಳಾದ ಮೇಲೆ ಹಾಡು ನಿಲ್ಲಿಸಿದ ಒಬ್ಬ ಅವ್ವ, ಒಬ್ಬ ದೊಡ್ಡವ್ವ ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದೇ ಇರುತ್ತಾರೆ. ಇಂದು ಸಂಜೆ ಅವರ ಬಳಿ ಕೂತು, ಒಂದು ಪದ ಹಾಡು ಎಂದು ಕೇಳಿ. ಮೊದಲು ಮರೆತುಹೋಗಿದೆ ಎನ್ನುತ್ತಾರೆ. ಇನ್ನೊಮ್ಮೆ ಕೇಳಿ.